ತುಮಕೂರಿನ ಕೀರ್ತನೆ ಕ್ಲಾಸು: ನಾಲ್ಕು ಶನಿವಾರ, 800 ರೂಪಾಯಿ

ನಮ್ಮ ಕ್ವೈರಿನವರು ಮೂರ್ನಾಲ್ಕು ಜನ ಕೇಳಿದ್ರು, ಹೆಂಗಿತ್ತು, ನಾವೂ ಸೇರ್ಕೋಬೋದಾ ಅಂತ. ಒಬ್ಬೊಬ್ರಿಗೆ ಫೋನಲ್ಲಿ ಹೇಳೋ ಬದಲು ಇಲ್ಲೇ ಪೂರ್ತಿ ಬರ್ದ್ಬಿಡ್ತೀನಿ. ತುಮಕೂರು ಚರ್ಚ್ ಸರ್ಕಲಿಂದ ನಡ್ಕೊಂಡ್ ಹೋಗೋಷ್ಟು ದೂರದಲ್ಲಿ ಒಂದು ಬಾಡಿಗೆ ಹಾಲಲ್ಲಿ ನಡೆದ ಕ್ಲಾಸು ಇದು, ನಾಲ್ಕು ಶನಿವಾರ, ಮಧ್ಯಾಹ್ನ ಮೂರರಿಂದ ಐದೂವರೆ. ಫೀಸು 800 ರೂಪಾಯಿ, ಜೆರಾಕ್ಸ್ ನೋಟ್ಸು, ಮಧ್ಯದಲ್ಲಿ ಟೀ ಬಿಸ್ಕೆಟ್ ಸೇರಿ. ವಿಷಯ ಆದಿ ಸಭೆಯವರು, ಅಂದ್ರೆ ಮೊದಲ ಕಾಲದ ಕ್ರೈಸ್ತರು, ಆರಾಧನೆಯಲ್ಲಿ ಹೆಂಗೆ ಹಾಡ್ತಿದ್ರು, ಅದರ ಬೇರು ಇಬ್ರಿಯರಲ್ಲಿ, ಅಂದ್ರೆ ಹಳೇ ಯೆಹೂದ್ಯರಲ್ಲಿ, ಎಲ್ಲಿದೆ ಅನ್ನೋದು. ಹೇಳ್ಕೊಡೋರು ರಿಟೈರ್ಡ್ ಮೇಷ್ಟ್ರು, ಗ್ರೀಕು ಹೀಬ್ರೂ ಎರಡೂ ಓದ್ಕೊಂಡಿರೋರು, ಹಾಡೂ ಚೆನ್ನಾಗಿ ಬರುತ್ತೆ. ನಾನು ಮೆಡಿಕಲ್ ಶಾಪಲ್ಲಿ ಕೆಲಸ ಮಾಡೋದು, ಶನಿವಾರ ಮಧ್ಯಾಹ್ನ ರಜಾ ಕೇಳ್ಕೊಂಡು ನಾಲ್ಕೂ ದಿನ ಹೋದೆ, ಒಂದೂ ತಪ್ಪಿಸ್ಲಿಲ್ಲ.

ಮೊದಲ ದಿನ ಬೇಜಾರೇ ಆಯ್ತು. ಮೂರಕ್ಕೆ ಅಂದಿದ್ದು ಶುರುವಾಗಿದ್ದು ಮೂರೂ ಮುಕ್ಕಾಲಿಗೆ, ಹಾಲಿನ ಬೀಗದ ಕೈ ಯಾರ ಹತ್ರ ಇದೆ ಅಂತ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಯ್ತು, ಬಿಸಿಲಲ್ಲಿ ಗೇಟ್ ಹತ್ರ ನಿಂತಿದ್ವಿ, ನಮ್ಮಲ್ಲಿ ಇಬ್ರು ಎಪ್ಪತ್ತು ದಾಟಿದವರು. ಆಯೋಜಕರು ಇದನ್ನ ಸರಿ ಮಾಡ್ಕೋಬೇಕು. ಒಳಗೆ ಹೋದ್ಮೇಲೆ ಮೇಷ್ಟ್ರು ಮೊದಲು ಮಾಡಿದ ಕೆಲಸ ಏನಂದ್ರೆ ಮೂಲೇಲಿದ್ದ ಕೀಬೋರ್ಡಿನ ಪ್ಲಗ್ ಕಿತ್ರು, ಆಮೇಲೆ ಫ್ಯಾನೂ ಆಫ್ ಮಾಡ್ಸಿದ್ರು. ಬೇಸಿಗೆ, ಹದಿನಾಲ್ಕು ಜನ, ಸೆಖೆ. ಸ್ವಲ್ಪ ಹೊತ್ತು ಸುಮ್ನೆ ಕೂತಿರಿ, ನಿಮ್ಮ ಪಕ್ಕದವರ ಉಸಿರು ಕೇಳಿಸ್ಬೇಕು, ಅದು ಕೇಳಿಸ್ದೆ ಕೀರ್ತನೆ ಹೇಳೋಕಾಗಲ್ಲ ಅಂದ್ರು. ಆಮೇಲೆ ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 92ನೇ ಕೀರ್ತನೆ ತೆಗೆಸಿದ್ರು. ಅದರ ತಲೆಬರಹದಲ್ಲೇ ಸಬ್ಬತ್ ದಿನದ, ಅಂದ್ರೆ ಯೆಹೂದ್ಯರ ವಿಶ್ರಾಂತಿ ದಿನದ, ಹಾಡು ಅಂತ ಇದೆ, ನಾನು ಇಷ್ಟು ವರ್ಷ ತಲೆಬರಹ ಓದ್ತಾನೇ ಇರ್ಲಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಲೇವಿಯರು, ಅಂದ್ರೆ ಅಲ್ಲಿ ಸೇವೆ ಮಾಡೋ ಕುಲದವರು, ವಾರದ ಒಂದೊಂದು ದಿನಕ್ಕೆ ಒಂದೊಂದು ಕೀರ್ತನೆ ಇಟ್ಕೊಂಡಿದ್ರಂತೆ, ಭಾನುವಾರ 24, ಸೋಮವಾರ 48, ಮಂಗಳವಾರ 82, ಹಿಂಗೆ ಬಂದು ಶನಿವಾರ 92. ಇದು ಯೆಹೂದ್ಯರ ಮಿಷ್ನಾ ಅನ್ನೋ ಹಳೇ ಧರ್ಮನಿಯಮಗಳ ಗ್ರಂಥದಲ್ಲಿ ಪಟ್ಟಿ ಮಾಡಿಟ್ಟಿರೋದು. ಹಾಡೋ ಜಗುಲಿ ಮೇಲೆ ಹನ್ನೆರಡು ಜನಕ್ಕೆ ಕಮ್ಮಿ ಲೇವಿಯರು ನಿಲ್ಲಬಾರದು, ಜಾಸ್ತಿ ಎಷ್ಟಾದ್ರೂ ಇರಬೋದು ಅಂತಲೂ ಅದರಲ್ಲೇ ಇದೆ. ಒಂದನೇ ಪೂರ್ವಕಾಲವೃತ್ತಾಂತ 25ನೇ ಅಧ್ಯಾಯದಲ್ಲಂತೂ ಹಾಡೋದ್ರಲ್ಲಿ ಪಳಗಿದವರ ಲೆಕ್ಕನೇ ಕೊಟ್ಟಿದೆ, 288 ಜನ, 24 ಸರತಿ. ಅಷ್ಟು ದೊಡ್ಡ ವ್ಯವಸ್ಥೆ ಕ್ರಿ.ಶ. 70ರಲ್ಲಿ ರೋಮಿನವರು ದೇವಾಲಯ ಸುಟ್ಟಾಗ ನಿಂತೇ ಹೋಯ್ತು.

ಇಲ್ಲಿ ಸೇರೋರಿಗೆ ಒಂದು ಮಾತು ಮೊದಲೇ ಹೇಳ್ಬೇಕು. ದಾವೀದನ ಕಾಲದ ರಾಗ ಕಲಿಸ್ತಾರೆ ಅಂತ ಅನ್ಕೊಂಡು ಹೋಗ್ಬೇಡಿ. ನಮ್ಮ ಬ್ಯಾಚಲ್ಲಿ ಒಬ್ಬ ಹುಡುಗ ಅದಕ್ಕೇ ಅಂತ ಗಿಟಾರ್ ಹೊತ್ಕೊಂಡು ಗುಬ್ಬಿಯಿಂದ ಬಂದಿದ್ದ. ಆ ರಾಗಗಳನ್ನ ಯಾರೂ ಸ್ವರ ಹಾಕಿ ಬರೆದಿಡ್ಲಿಲ್ಲ, ಮಾತು ಉಳೀತು ರಾಗ ಹೋಯ್ತು. ಸೆಲಾ ಅನ್ನೋ ಪದ ಕೀರ್ತನೆಗಳಲ್ಲಿ 71 ಸಲ ಬರುತ್ತೆ, ಹಾಡೋರಿಗೆ ಕೊಟ್ಟ ಯಾವುದೋ ಸೂಚನೆ ಅಂತಾರೆ, ಅದರ ಸರಿಯಾದ ಅರ್ಥನೇ ಇವತ್ತಿಗೂ ಪಂಡಿತರಲ್ಲಿ ಇತ್ಯರ್ಥ ಆಗಿಲ್ಲ. ಆ ಹುಡುಗನ ಮುಖ ಬಾಡಿಹೋಯ್ತು. ಆದ್ರೆ ಅವನೂ ಬಿಟ್ಟು ಹೋಗ್ಲಿಲ್ಲ, ಎರಡನೇ ವಾರದಿಂದ ಗಿಟಾರ್ ಮನೇಲೇ ಬಿಟ್ಟು ಬರೋನು.

ಯಾಕಂದ್ರೆ ಎರಡನೇ ವಾರ ಅಷ್ಟು ಚೆನ್ನಾಗಿತ್ತು. ಮೇಷ್ಟ್ರು ಶುರು ಮಾಡಿದ್ದು ದೇವಾಲಯದಿಂದ ಅಲ್ಲ, ಯೆಹೂದ್ಯರು ಪ್ರಾರ್ಥನೆಗೆ ಸೇರೋ ಸಭಾಮಂದಿರದಿಂದಲೂ ಅಲ್ಲ, ಊಟದ ಪಂಕ್ತಿಯಿಂದ. ಮಾರ್ಕ 14:26, ಕಡೇ ಊಟ ಆದ್ಮೇಲೆ ಯೇಸುವೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೊರಟರು ಅನ್ನೋ ಒಂದು ಸಾಲು. ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ರಾತ್ರಿ ಓದ್ತೀವಿ, ಏನು ಹಾಡಿದ್ರು ಅಂತ ನಾನಂತೂ ಯೋಚನೆ ಮಾಡಿರ್ಲಿಲ್ಲ. ಪಸ್ಕ ಹಬ್ಬದ ಊಟಕ್ಕೆ ಯೆಹೂದ್ಯರು ಹೇಳೋದು ಹಲ್ಲೇಲ್, ಅಂದ್ರೆ 113ರಿಂದ 118ರ ತನಕ ಆರು ಕೀರ್ತನೆ, ಊಟಕ್ಕೆ ಮುಂಚೆ ಒಂದಿಷ್ಟು ಊಟ ಆದ್ಮೇಲೆ ಮಿಕ್ಕಿದ್ದು. ಅವತ್ತು ಹಾಡಿದ್ದು ಅದೇ ಇರ್ಬೇಕು ಅನ್ನೋದು ಬಹಳ ಜನ ಒಪ್ಪೋ ಮಾತು. ಅದು ಮುಗಿಯೋದು 118ಕ್ಕೆ. ಅದರಲ್ಲೇ ಮನೆ ಕಟ್ಟೋರು ಬೇಡ ಅಂತ ಬಿಟ್ಟ ಕಲ್ಲು ಮೂಲೆಗಲ್ಲಾಯ್ತು ಅನ್ನೋದಿದೆ, ಹೊಸನ್ನ ಅನ್ನೋ ಕೂಗು ಹುಟ್ಟಿದ್ದೂ ಅದರ 25ನೇ ವಚನದಿಂದ, ಮತ್ತೆ 17ನೇ ವಚನ, ನಾನು ಸಾಯಲ್ಲ, ಬದುಕಿರ್ತೀನಿ, ಯೆಹೋವನ ಕೆಲಸಗಳನ್ನ ಸಾರ್ತೀನಿ ಅನ್ನೋದು. ಆ ಮಾತನ್ನ ಬಾಯಲ್ಲಿ ಹಾಡ್ಕೊಂಡು, ಯೇಸುವನ್ನ ಹಿಡಿದ ಜಾಗ ಗೆತ್ಸೆಮನೆಗೆ ಹೋದ್ರು ಅಂತ ಮೇಷ್ಟ್ರು ಹೇಳಿ ಸುಮ್ಮನಾದ್ರು. ಹಾಲಲ್ಲಿ ಒಬ್ರೂ ಮಾತಾಡ್ಲಿಲ್ಲ. ಆಮೇಲೆ ನಮ್ಮ ಕೈಲಿ 118 ಹೇಳ್ಸಿದ್ರು, ನನಗೆ 17ನೇ ವಚನಕ್ಕೆ ಬಂದಾಗ ಗಂಟಲು ಕಟ್ಕೊಂಡು ಸ್ವರನೇ ಹೊರಡ್ಲಿಲ್ಲ.

ಹೇಳಿಸೋ ರೀತಿನೂ ಹೇಳ್ಬೇಕು. ಶ್ರುತಿ ಪೆಟ್ಟಿಗೆ ಒಂದೇ, ತಬಲ ಇಲ್ಲ ಹಾರ್ಮೋನಿಯಂ ಇಲ್ಲ. ಒಂದೇ ಸ್ವರದ ಮೇಲೆ ಸಾಲಿನ ಮೊದಲ ಅರ್ಧ ಹೇಳ್ಕೊಂಡ್ ಹೋಗೋದು, ಕೊನೆಗೆ ಸ್ವಲ್ಪ ಎತ್ತಿ ನಿಲ್ಸೋದು, ಒಂದು ಉಸಿರು, ಆಮೇಲೆ ಎರಡನೇ ಅರ್ಧ ಹೇಳಿ ಇಳ್ಸೋದು. ಕೀರ್ತನೆಯ ಕಟ್ಟು ಅದೇ ತಾನೆ, ಹೇಳಿದ್ದನ್ನೇ ಇನ್ನೊಂದು ಮಾತಲ್ಲಿ ತಿರುಗಿಸಿ ಹೇಳೋದು, ಇಬ್ರಿಯರ ಪದ್ಯಕ್ಕೆ ನಮ್ಮ ಹಾಗೆ ಪ್ರಾಸ ಇಲ್ಲ, ಅರ್ಥದ ಜೋಡಿನೇ ಅದರ ಪ್ರಾಸ. ಅದಕ್ಕೇ ಎಷ್ಟು ಭಾಷೆಗೆ ಅನುವಾದ ಆದ್ರೂ ಅದು ಕೆಡಲ್ಲ, ಕನ್ನಡದಲ್ಲಿ ಓದಿದ್ರೂ ಎರಡು ಭಾಗ ನೀಟಾಗಿ ಕೈಗೆ ಸಿಗುತ್ತೆ. ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಬಿಷಪ್ ಅಥನಾಸಿಯಸ್ ತನ್ನ ಸಭೆಯಲ್ಲಿ ಕೀರ್ತನೆ ಹೇಳೋನ ಕೈಲಿ ಸ್ವರ ಎಷ್ಟು ಕಮ್ಮಿ ಆಡಿಸ್ತಿದ್ದ ಅಂದ್ರೆ ಹಾಡಿದ ಹಾಗಲ್ಲ, ಮಾತಾಡಿದ ಹಾಗೇ ಕೇಳಿಸ್ತಿತ್ತು ಅಂತ ಸಂತ ಅಗಸ್ಟೀನ್ ಬರೆದಿದ್ದಾನಂತೆ. ಅದೇ ಅಗಸ್ಟೀನ್ ಮಿಲಾನಿನಲ್ಲಿ 386ರ ಸುಮಾರಿಗೆ ಬಿಷಪ್ ಅಂಬ್ರೋಸ್ ಜನರನ್ನ ಪೂರ್ವದೇಶದವರ ರೀತಿಲಿ ಹಾಡಿಸಿದ್ದನ್ನೂ ಬರೆದಿದ್ದಾನೆ, ಆಗ ಅರಮನೆಯವರ ಕಿರುಕುಳ ಇತ್ತು, ಜನ ಕಂಗೆಡಬಾರದು ಅಂತ ಹಾಡ್ಸಿದ್ದು. ರಾಗ ಚೆನ್ನಾಗಿದೆ ಅಂತ ಮನಸ್ಸು ಅದರಲ್ಲೇ ಮುಳುಗಿ ಮಾತು ತಪ್ಪಿಹೋದ್ರೆ ತಪ್ಪಾಯ್ತು ಅಂತ ಅವನಿಗೆ ಸಂಕಟ, ಹಾಡು ಕೇಳಿ ಅತ್ತಿದ್ದೂ ಅವನೇ. ಇವತ್ತು ಕ್ವೈರಲ್ಲಿ ನಿಂತೋರಿಗೆಲ್ಲ ಗೊತ್ತಿರೋ ಸಂಕಟ ಅದು.

ಆ ದಿನವೇ ಇನ್ನೊಂದು ವಿಷಯ ನನಗೆ ಹೊಳೀತು, ಇದು ನೋಟ್ಸಲ್ಲಿ ಇರ್ಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ 3:16ರಲ್ಲಿ ಪೌಲ ಮೂರು ಥರ ಹಾಡು ಹೇಳ್ತಾನೆ, ನಮ್ಮ ಹಳೇ ಕನ್ನಡ ಬೈಬಲಲ್ಲಿ ಅದು ಕೀರ್ತನೆ, ಸಂಗೀತ, ಆತ್ಮಸಂಬಂಧವಾದ ಪದ ಅಂತಿದೆ. ಪದ! ಸೋಬಾನೆ ಪದ, ತತ್ವಪದ ಅಂತೀವಲ್ಲ ಅದೇ ಪದ. ಅನುವಾದ ಮಾಡಿದವರು ಹಳ್ಳಿ ಕಡೆ ಹೆಂಗಸರು ಬೀಸೋವಾಗ ನಾಟಿ ಮಾಡೋವಾಗ ಹಾಡ್ತಿದ್ದ ಮಾತನ್ನೇ ಅಲ್ಲಿ ಇಟ್ಟಿದ್ದಾರೆ. ಹಂಗೇ ಇಡೀ ಪುಸ್ತಕಕ್ಕೇ ಕೀರ್ತನೆಗಳು ಅಂತ ಹೆಸರು, ದಾಸರ ಪದಕ್ಕೆ ಅನ್ನೋ ಹೆಸರೇ ಅದು. ನಾನು ಎದ್ದು ಇದನ್ನ ಹೇಳಿದಾಗ ಮೇಷ್ಟ್ರು, ಹೌದಲ್ಲಮ್ಮ, ಇದನ್ನ ನಾನು ಗಮನಿಸಿರ್ಲಿಲ್ಲ ಅಂತ ಅವರ ಪುಸ್ತಕದಲ್ಲಿ ಬರ್ಕೊಂಡ್ರು. ಕಲಿಸೋರು ಹಿಂಗಿರ್ಬೇಕು.

136ನೇ ಕೀರ್ತನೆ ಬಂದಾಗಂತೂ ಅದು ಪೂರ್ತಿ ನಮ್ಮ ಅಜ್ಜಿ ಕಾಲದ ಸೋಬಾನೆ ಥರನೇ. 26 ವಚನ, ಪ್ರತಿ ವಚನದ ಎರಡನೇ ಅರ್ಧ ಒಂದೇ, ಆತನ ಕೃಪೆಯು ಶಾಶ್ವತವಾಗಿರುವದು. ಹೀಬ್ರೂದಲ್ಲಿ ಕೀ ಲೆಓಲಾಮ್ ಹಸ್ದೋ, ಮೂರೇ ಮಾತು. ಒಬ್ರು ಎತ್ಕೊಡೋದು, ಮಿಕ್ಕೋರು ಸೊಲ್ಲು ಹೇಳೋದು. ಪುಸ್ತಕ ಬೇಡ, ಓದೋಕೆ ಬರ್ಬೇಕಾಗಿಲ್ಲ, ಒಂದು ಸಲ ಕೇಳಿದ್ರೆ ಸಾಕು ಮಗುನೂ ಹೇಳುತ್ತೆ. ಆದಿ ಸಭೆಲಿ ಆಳುಗಳಿದ್ರು, ದಾಸಿಯರಿದ್ರು, ಅಕ್ಷರ ಬಾರದವರು ಬಹಳ ಜನ ಇದ್ರು, ಅವರ ಬಾಯಿಗೆ ಎಟುಕಿದ್ದು ಇಂಥ ಹಾಡೇ. ಸಿದ್ಧಗಂಗೆಯಲ್ಲಿ ಸಂಜೆ ಪ್ರಾರ್ಥನೆಗೆ ಸಾವಿರಾರು ಹುಡುಗರು ಒಟ್ಟಿಗೆ ಹೇಳೋದನ್ನ ಕೇಳಿದವರಿಗೆ ನಾನು ಏನು ಹೇಳ್ತಿದೀನಿ ಅಂತ ತಕ್ಷಣ ಗೊತ್ತಾಗುತ್ತೆ, ಅಷ್ಟು ಬಾಯಿ ಸೇರಿದಾಗ ಬರೋ ದನಿಗೆ ವಾದ್ಯ ಯಾಕೆ ಬೇಕು.

ಪ್ಲಿನಿ ವಿಷಯನೂ ಇದಕ್ಕೇ ಸೇರುತ್ತೆ. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯ ಅನ್ನೋ ಪ್ರಾಂತ್ಯಕ್ಕೆ ರೋಮಿನ ಗವರ್ನರ್ ಆಗಿದ್ದ ಪ್ಲಿನಿ, ಚಕ್ರವರ್ತಿ ತ್ರಾಜಾನನಿಗೆ ಕಾಗದ ಬರೀತಾನೆ, ಈ ಕ್ರೈಸ್ತರನ್ನ ಏನು ಮಾಡೋದು ಅಂತ. ಇವರು ಒಂದು ಗೊತ್ತಾದ ದಿನ ಬೆಳಕು ಹರಿಯೋಕೆ ಮುಂಚೆ ಸೇರಿ, ಕ್ರಿಸ್ತನನ್ನ ದೇವರು ಅಂತ ಒಬ್ಬರಿಗೊಬ್ಬರು ಸರದಿ ಮೇಲೆ ಹಾಡ್ತಾರೆ ಅಂತ ಅದರಲ್ಲಿದೆ. ವಿಷಯ ತಿಳ್ಕೊಳ್ಳೋಕೆ ಸಭೆಯ ಸೇವೆಲಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಅಂತ ಅವನೇ ಅದೇ ಕಾಗದದಲ್ಲಿ ಬರೆದಿದ್ದಾನೆ. ಅವರ ಹೆಸರು ಕೂಡ ಅವನು ಬರೀಲಿಲ್ಲ. ನಾವು ಭಾನುವಾರ ಹಾಯಾಗಿ ಫ್ಯಾನ್ ಕೆಳಗೆ ನಿಂತು ಹಾಡ್ತೀವಿ.

ಮೂರನೇ ವಾರದ ಮೊದಲ ಗಂಟೆ ಸ್ವಲ್ಪ ಎಳೆದಾಡ್ತು ಅಂತನೇ ಹೇಳ್ಬೇಕು, ಪಂಡಿತರ ವಾದ ಜಾಸ್ತಿ ಆಯ್ತು, ಹಿಂದಿನ ಸಾಲಲ್ಲಿ ಇಬ್ರು ತೂಕಡಿಸ್ತಿದ್ರು. ಆದ್ರೂ ವಿಷಯ ಬಿಡೋ ಹಂಗಿಲ್ಲ. ಇಡೆಲ್‌ಸೋನ್ ಅಂತ ಒಬ್ರು ಯೆಹೂದಿ ಸಂಗೀತ ವಿದ್ವಾಂಸರು, 1882ರಿಂದ 1938ರವರೆಗೆ ಇದ್ದೋರು, ಯೆಮೆನ್ ದೇಶದ ಯೆಹೂದ್ಯರು ಮತ್ತೆ ಬೇರೆ ಬೇರೆ ಕಡೆಯವರು ಹೇಳೋ ರೀತಿಗಳನ್ನ ರೆಕಾರ್ಡ್ ಮಾಡಿ, ಅದನ್ನ ರೋಮಿನ ಸಭೆಯ ಗ್ರೆಗೋರಿಯನ್ ಹಾಡಿಗೆ ಹೋಲಿಸಿದ್ರು. ಹೋಲಿಕೆ ಇದೆ, ಎರಡಕ್ಕೂ ಬೇರು ಒಂದೇ ಅಂದ್ರು. ಅಲ್ಲಿಂದ ಬಹಳ ವರ್ಷ ಎಲ್ರೂ ಹೇಳಿದ್ದು ಸಭಾಮಂದಿರದ ಹಾಡೇ ನೇರವಾಗಿ ಸಭೆಗೆ ಬಂತು ಅಂತ. ಆಮೇಲೆ 1980ರ ದಶಕದಲ್ಲಿ ಮೆಕಿನನ್ ಅನ್ನೋ ವಿದ್ವಾಂಸರು ಅದನ್ನ ಪ್ರಶ್ನೆ ಮಾಡಿದ್ರು, ಮೊದಲ ಶತಮಾನದ ಸಭಾಮಂದಿರದಲ್ಲಿ ಕೀರ್ತನೆ ಹಾಡೋ ಪದ್ಧತಿ ಇತ್ತು ಅನ್ನೋಕೆ ಆಧಾರ ಎಲ್ಲಿ, ಅಲ್ಲಿ ನಡೀತಿದ್ದದ್ದು ಧರ್ಮಶಾಸ್ತ್ರ ಓದೋದು, ವಿವರಿಸೋದು, ಹಾಡಿದ್ದು ದೇವಾಲಯದಲ್ಲಿ ಮತ್ತೆ ಮನೆ ಊಟದಲ್ಲಿ ಅಂತ. ಮೇಷ್ಟ್ರು ಎರಡೂ ಕಡೆ ಹೇಳಿ, ನಾನು ಮೊದಲು ಇಡೆಲ್‌ಸೋನ್ ಕಡೆ ಇದ್ದೆ, ಈಗ ಊಟದ ಪಂಕ್ತಿ ಕಡೆ ವಾಲಿದ್ದೀನಿ ಅಂದ್ರು. ನನಗೂ ಅದೇ ಸರಿ ಅನ್ಸುತ್ತೆ, ಒಂದನೇ ಕೊರಿಂಥ 14ರಲ್ಲಿ ನೀವು ಕೂಡಿ ಬಂದಾಗ ಒಬ್ಬೊಬ್ರ ಹತ್ರ ಒಂದೊಂದಿರುತ್ತೆ, ಒಬ್ರ ಹತ್ರ ಹಾಡು ಅಂತ ಪೌಲ ಹೇಳೋದು ಮನೆಯಲ್ಲಿ ಸೇರಿದವರ ಚಿತ್ರನೇ.

ಟೀ ಆದ್ಮೇಲೆ ತೋರಿಸಿದ್ದು ಮಾತ್ರ ಈ ಇಡೀ ಕ್ಲಾಸಿನ ಬಂಗಾರ. ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ತಿಪ್ಪೆಗುಂಡಿಗಳಲ್ಲಿ ಸಿಕ್ಕ ರಾಶಿ ರಾಶಿ ಪಪೈರಸ್ ಚೂರುಗಳಲ್ಲಿ ಒಂದು, ಅದನ್ನ ಪ್ರಕಟ ಮಾಡಿದ್ದು 1922ರಲ್ಲಿ, 1786 ಅದರ ನಂಬರು. ಅದೊಂದು ದವಸದ ಲೆಕ್ಕದ ಹಾಳೆ. ಆ ಕಡೆ ಲೆಕ್ಕ, ಈ ಕಡೆ ಯಾರೋ ಮೂರನೇ ಶತಮಾನದ ಕೊನೆಗೆ ಒಂದು ಕ್ರೈಸ್ತ ಹಾಡು ಬರೆದಿದ್ದಾರೆ, ಅಕ್ಷರದ ಮೇಲೆ ಗ್ರೀಕರ ಸ್ವರಲಿಪಿ ಹಾಕಿ. ಸ್ವರ ಸಮೇತ ಉಳಿದಿರೋ ಕ್ರೈಸ್ತ ಹಾಡುಗಳಲ್ಲಿ ಇದೇ ಎಲ್ಲಕ್ಕಿಂತ ಹಳೇದು. ಶುರು ಹರಿದುಹೋಗಿದೆ, ಕೊನೆಯ ಭಾಗ ಇದೆ, ನಕ್ಷತ್ರಗಳು ಸುಮ್ಮನಿರಲಿ ಅನ್ನೋ ಥರ ಮಾತು, ಆಮೇಲೆ ತಂದೆ ಮಗ ಪವಿತ್ರಾತ್ಮನನ್ನ ನಾವು ಹಾಡೋವಾಗ ಎಲ್ಲಾ ಶಕ್ತಿಗಳೂ ಆಮೆನ್ ಆಮೆನ್ ಅನ್ನಲಿ ಅಂತ. ಮೇಷ್ಟ್ರು ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಟೇಬಲ್ ಮೇಲೆ ಹರಡಿದ್ರು, ನಾವೆಲ್ಲ ಸುತ್ತ ನಿಂತು ಬಗ್ಗಿ ನೋಡಿದ್ವಿ, ಕಂದು ಬಣ್ಣದ ನಾರು, ಅಂಚು ಇಲಿ ಕಡಿದ ಹಾಗೆ, ಒತ್ತೊತ್ತಾದ ಅಕ್ಷರ, ಅದರ ತಲೆ ಮೇಲೆ ಚಿಕ್ಕ ಚಿಕ್ಕ ಗುರುತು. ಅವರು ಬೆರಳಿಟ್ಟು ತೋರಿಸಿದ್ರು, ಭಾಷೆ ಗ್ರೀಕು, ಸ್ವರದ ಲಿಪಿ ಗ್ರೀಕು, ರಾಗದ ಧಾಟಿನೂ ಗ್ರೀಕರದ್ದೇ, ಇಬ್ರಿಯರದ್ದು ಏನಿದೆ ಹೇಳಿ ಅಂತ. ನಾವು ಯಾರೂ ಹೇಳ್ಲಿಲ್ಲ. ಅವರೇ, ಆಮೆನ್ ಅಂದ್ರು.

ಆ ಒಂದು ಮಾತು ನನ್ನ ತಲೇಲಿ ವಾರ ಪೂರ್ತಿ ಕೂತಿತ್ತು, ಮಾತ್ರೆ ಕತ್ತರಿಸಿ ಕೊಡೋವಾಗ್ಲೂ ಅದೇ. ರಾಗ ಊರಿಂದ ಊರಿಗೆ ಬದಲಾಗುತ್ತೆ, ಗ್ರೀಕರು ಗ್ರೀಕು ರಾಗ ಹಾಕ್ಕೊಂಡ್ರು, ಸಿರಿಯದವರು ಅವರದ್ದು, ನಾವು ನಮ್ಮ ಮೋಹನ ಭೈರವಿ ಹಾಕ್ಕೊಂಡ್ವಿ. ಆಮೆನ್, ಹಲ್ಲೆಲೂಯ, ಹೊಸನ್ನ ಈ ಮೂರು ಮಾತನ್ನ ಮಾತ್ರ ಹಾಡೋವಾಗ ಬಹಳ ಕಡೆ ಅನುವಾದ ಮಾಡ್ಲಿಲ್ಲ, ಹಂಗೇ ಬಾಯಿಂದ ಬಾಯಿಗೆ ಕೊಟ್ರು. ಮುಂದಿನ ಭಾನುವಾರ ನಮ್ಮ ಚರ್ಚಲ್ಲಿ ಕರ್ತನ ಭೋಜನ ಇತ್ತು, ಪರಿಶುದ್ಧನು ಪರಿಶುದ್ಧನು ಪರಿಶುದ್ಧನು ಅಂತ ಹೇಳೋ ಜಾಗ ಬಂತು. ಅದು ಯೆಶಾಯ 6ರ ಮಾತು, ಕಾದೋಶ್ ಕಾದೋಶ್ ಕಾದೋಶ್, ಯೆಹೂದ್ಯರು ಅವರ ಪ್ರಾರ್ಥನೆಯಲ್ಲಿ ಇವತ್ತಿಗೂ ಹೇಳ್ತಾರೆ. ಚಿಕ್ಕಂದಿನಿಂದ ಹೇಳ್ತಿರೋ ಸಾಲು, ಅವತ್ತು ಮೊದಲ ಸಲ ಹೇಳ್ದಂಗಾಯ್ತು. ಆದ್ರೆ ಕೀಬೋರ್ಡ್ ವಾಲ್ಯೂಮ್ ಎಷ್ಟು ಜೋರಿತ್ತು ಅಂದ್ರೆ ನನ್ನ ಪಕ್ಕದವರ ಬಾಯಿ ಆಡ್ತಿತ್ತು, ದನಿ ಕೇಳ್ಲಿಲ್ಲ. ಇದನ್ನ ನಾನು ಜಗಳಕ್ಕೆ ಹೇಳ್ತಿಲ್ಲ, ನುಡಿಸೋ ಹುಡುಗರು ಕಷ್ಟಪಟ್ಟು ಪ್ರಾಕ್ಟೀಸ್ ಮಾಡ್ತಾರೆ, ಕೀರ್ತನೆ 150ರಲ್ಲೇ ತುತೂರಿ ತಾಳ ದಮ್ಮಡಿ ಎಲ್ಲ ಇದೆ. ಒಂದು ಹಾಡಾದ್ರೂ ವಾದ್ಯ ನಿಲ್ಸಿ ಸಭೆ ದನಿಗೆ ಬಿಡಿ ಅಂತ ನಮ್ಮ ಸಭಾಪಾಲಕರ ಹತ್ರ ಕೇಳಿದ್ದೀನಿ, ಯೋಚನೆ ಮಾಡೋಣಮ್ಮ ಅಂದಿದ್ದಾರೆ.

ಕೊರತೆಗಳನ್ನೂ ಹೇಳ್ಬೇಕು. ನೋಟ್ಸು ಪೂರ್ತಿ ಇಂಗ್ಲಿಷಲ್ಲಿದೆ, ಇದು ನನಗೆ ಸುತಾರಾಂ ಹಿಡಿಸ್ಲಿಲ್ಲ, ಮಾತಾಡೋದು ಕನ್ನಡ, ಹಾಡೋದು ಕನ್ನಡ, ಬಂದವರಲ್ಲಿ ಅರ್ಧ ಜನಕ್ಕೆ ಆ ಇಪ್ಪತ್ತು ಪೇಜು ಓದೋಕೆ ಆಗ್ಲಿಲ್ಲ. ಎರಡನೇದು ಶ್ರುತಿ. ಗಂಡಸರ ಗಂಟಲಿಗೆ ಇಟ್ಟ ಶ್ರುತಿನೇ ನಾಲ್ಕೂ ದಿನ, ಒಂಬತ್ತು ಜನ ಹೆಂಗಸರು ಕೆಳಗಿನ ಸ್ವರಕ್ಕೆ ಇಳಿಯೋಕಾಗ್ದೆ ಒದ್ದಾಡಿದ್ವಿ, ಮೂರನೇ ವಾರ ಕೇಳಿದ್ಮೇಲೆ ಒಂದು ಮನೆ ಏರ್ಸಿದ್ರು, ಅದೂ ಸಾಲ್ದು. ಅದಕ್ಕಿಂತ ದೊಡ್ಡದು, ಹೆಂಗಸರ ಹಾಡಿನ ವಿಷಯ ಎರಡೇ ಮಾತಲ್ಲಿ ಮುಗಿಸಿದ್ದು. ನಾಲ್ಕನೇ ಶತಮಾನದಲ್ಲಿ ಸಿರಿಯಕ್ ಭಾಷೆಯ ಕವಿ ಎಫ್ರೇಮ್ ತನ್ನ ಪದಗಳನ್ನ ಹಾಡೋಕೆ ಹೆಂಗಸರ ಮೇಳನೇ ಕಟ್ಟಿದ್ದ, ಅವರಿಗೆ ತಾನೇ ಕಲಿಸ್ತಿದ್ದ ಅಂತ ಹೇಳಿ ಮುಂದಕ್ಕೆ ಹೋಗ್ಬಿಟ್ರು. ನಮ್ಮ ಕ್ವೈರುಗಳಲ್ಲಿ ಮುಕ್ಕಾಲು ಪಾಲು ಹೆಂಗಸರೇ ಇರೋದು, ಇದಕ್ಕೆ ಒಂದು ಪೂರ್ತಿ ಶನಿವಾರ ಕೊಡ್ಬೇಕಿತ್ತು. ಹೇಳಿದ್ದೀನಿ, ಮುಂದಿನ ಬ್ಯಾಚಿಗೆ ಸೇರಿಸ್ತೀವಿ ಅಂದ್ರು. ಗಾಡಿ ನಿಲ್ಸೋಕೆ ಜಾಗ ಇಲ್ಲ, ರಸ್ತೆ ಬದಿ ಕಿರಿದು, ಬಸ್ಸಲ್ಲೋ ಆಟೋಲೋ ಬನ್ನಿ. ಟೀ ಚೆನ್ನಾಗಿತ್ತು.

ಕೊನೇ ಶನಿವಾರ ಹೊಸ ಪಾಠ ಏನೂ ಇರ್ಲಿಲ್ಲ, ಕಲಿತಿದ್ದನ್ನೇ ಎರಡು ಗುಂಪಾಗಿ ಎದುರುಬದುರು ನಿಂತು ಹೇಳಿದ್ವಿ, ಹಾಲು ಚಿಕ್ಕದಾದ್ರೂ ದನಿ ಚೆನ್ನಾಗಿ ತುಂಬ್ಕೊಳ್ತು.

ನನಗೆ ದುಡ್ಡು ಸಾರ್ಥಕ ಅನ್ಸಿದ್ದು ಅಲ್ಲಲ್ಲ, ಮನೇಲಿ. ನಮ್ಮ ಅತ್ತೆಗೆ ಈಗ ಎಂಬತ್ತರ ಹತ್ರ, ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ್ರೂ ಅಕ್ಷರ ಕಾಣಲ್ಲ, ಸಂಜೆ ಮನೆ ಪ್ರಾರ್ಥನೆಲಿ ಸುಮ್ನೆ ಗೋಡೆಗೆ ಒರಗಿ ಕೂತಿರೋರು, ಹಾಡಿನ ಪುಸ್ತಕ ಕೈಲಿ ಕೊಟ್ರೆ ನನಗ್ಯಾಕೆ ಬಿಡವ್ವ ಅನ್ನೋರು. ಆ ಶನಿವಾರ ರಾತ್ರಿ ನಾನು 136 ತೆಗೆದೆ, ಅತ್ತೆ, ನಾನು ಎತ್ಕೊಡ್ತೀನಿ, ನೀವು ಸೊಲ್ಲು ಹೇಳಿ ಸಾಕು ಅಂದೆ. ಮೊದಲ ನಾಲ್ಕೈದು ವಚನ ಬರೀ ತುಟಿ ಆಡಿಸಿದ್ರು. ಸೂರ್ಯ ಚಂದ್ರ ನಕ್ಷತ್ರ ಬರೋ ಹೊತ್ತಿಗೆ ನನಗಿಂತ ಜೋರು ಅವರದೇ, ಅದೂ ನಾನು ಕಲಿತು ಬಂದ ಧಾಟಿ ಅಲ್ಲ, ಅವರೂರಲ್ಲಿ ಮದುವೆ ಮನೇಲಿ ಹಾಡ್ತಿದ್ದ ಸೋಬಾನೆ ಧಾಟಿಗೇ ಎಳ್ಕೊಂಡ್ರು, ನಾನೂ ಅವರ ಹಿಂದೆನೇ ಹೋದೆ. 26 ಆದ್ಮೇಲೂ ನಿಲ್ಲಿಸ್ಲಿಲ್ಲ. ಇನ್ನೂ ಎರಡು ಸಲ ಒಬ್ರೇ ಹೇಳಿದ್ರು, ಆತನ ಕೃಪೆಯು ಶಾಶ್ವತವಾಗಿರುವದು, ಆತನ ಕೃಪೆಯು ಶಾಶ್ವತವಾಗಿರುವದು, ಆಮೇಲೆ ಆಮೆನ್ ಅಂದ್ರು.

ಮುಂದಿನ ಬ್ಯಾಚು ಮಳೆಗಾಲ ಕಳೆದ ಮೇಲೆ ಅಂತಿದ್ದಾರೆ. ಸ್ವಂತ ಬೈಬಲ್ ತಗೊಂಡು ಹೋಗಿ, ಹಳೇ ಅನುವಾದದ್ದು ಇದ್ರೆ ಒಳ್ಳೇದು, ಒಂದು ಕೈ ಬೀಸಣಿಗೆನೂ ಇರ್ಲಿ. ಅತ್ತೆನ ಕರ್ಕೊಂಡು ಬರ್ಬೋದಾ ಅಂತ ಕೇಳಿದ್ದೀನಿ, ಅವರಿಗೆ ಫೀಸು ಬೇಡ, ಕರ್ಕೊಂಡ್ ಬನ್ನಿ ಅಂದಿದ್ದಾರೆ ಮೇಷ್ಟ್ರು.